ಮನೆಯಲ್ಲಿ ಗಾಂಜಾ ಸಿಕ್ಕಿದರೆ ಮೊದಲು ಯಾರ ಹತ್ತಿರ ಹೋಗಬೇಕು? ಫಾದರ್, ಡಾಕ್ಟರ್, ವಕೀಲ?

ವಾಡೆ_ಗುರಿಕಾರ ಕೇಳಿದ್ದು:

ಮಂಗಳೂರು ಕಡೆಯ ಒಂದು ಧರ್ಮಕೇಂದ್ರದ ಗುರಿಕಾರರಿಗೂ (ವಾಡೆ ಎಂಬ ಮನೆಗಳ ಗುಂಪಿನ ಮುಖಂಡರು) ಕುಟುಂಬ ಆಯೋಗದವರಿಗೂ ಒಂದು ಪುಟದ ಮಾಹಿತಿ ತಯಾರು ಮಾಡಬೇಕಾಗಿದೆ. ಮನೆಭೇಟಿಗೆ ಹೋದಾಗ ತಂದೆ ತಾಯಿಯರು ಕೇಳುವ ಪ್ರಶ್ನೆ ಈಗ ಕುಡಿತದ್ದು ಮಾತ್ರ ಅಲ್ಲ, ಗಾಂಜಾದ್ದೂ ಹೌದು.

ಸಾಮಾನ್ಯ ಸಂದರ್ಭ ಹೀಗಿರುತ್ತದೆ. ಡಿಗ್ರಿ ಎರಡನೇ ವರ್ಷದ ಹುಡುಗ, ವಯಸ್ಸು ಹತ್ತೊಂಬತ್ತು. ಬ್ಯಾಗಿನಲ್ಲಿ ಹತ್ತು ಗ್ರಾಂನಷ್ಟು ಸೊಪ್ಪು, ಓಸಿಬಿ ಪೇಪರು (ಸುತ್ತಿ ಸೇದುವ ಕಾಗದ), ಒಂದು ಕ್ರಷರ್. ಅಪ್ಪ ಮನೆಯಿಂದ ಹೊರಗೆ ಹಾಕುತ್ತೇನೆ ಎನ್ನುತ್ತಾರೆ, ಅಮ್ಮ ರಿಟ್ರೀಟಿಗೆ (ಕೆಲವು ದಿನದ ಪ್ರಾರ್ಥನಾ ಶಿಬಿರ) ಕರೆದುಕೊಂಡು ಹೋಗೋಣ ಎನ್ನುತ್ತಾರೆ. ಹುಡುಗ ಆದಿಕಾಂಡ 1:29 ತೆಗೆದು ತೋರಿಸುತ್ತಾನೆ: ಬೀಜವಿರುವ ಸಸ್ಯಗಳನ್ನೆಲ್ಲ ದೇವರೇ ಕೊಟ್ಟದ್ದಲ್ಲವಾ? ಜೊತೆಗೆ, ರೋಸ್ (ಮದುವೆಗೆ ಮುಂಚಿನ ಶಾಸ್ತ್ರ) ದಿನ ನೀವೆಲ್ಲ ಎಷ್ಟು ಪೆಗ್ ಹಾಕಿದಿರಿ ಎಂದು ಕೇಳುತ್ತಾನೆ. ಅಲ್ಲಿಗೆ ಮಾತು ನಿಲ್ಲುತ್ತದೆ.

ಬೇಕಾದದ್ದು ಇಷ್ಟು. ಧರ್ಮಸಭೆ ನಿಖರವಾಗಿ ಏನು ಹೇಳುತ್ತದೆ, ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ತೆಗೆದುಕೊಳ್ಳಬಹುದಾ? ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸ್ ಆಗುತ್ತದಾ? ರಿಟ್ರೀಟ್ ಮೊದಲಾ, ಡಾಕ್ಟರ್ ಮೊದಲಾ? ಮುಂದೆ ಸಂಬಂಧ ಬಂದಾಗ ಹೇಳಬೇಕಾ? ಉಪದೇಶ ಬೇಡ, ಅದು ನಮ್ಮಲ್ಲಿ ಬೇಕಾದಷ್ಟು ಇದೆ.

ಧರ್ಮೋಪದೇಶ_ಕ್ಲಾಸ್:

ಮೊದಲು ಕಥೋಲಿಕ ನಿಲುವು. ಧರ್ಮಸಭೆಯ ಧರ್ಮೋಪದೇಶ ಗ್ರಂಥದ ಸಂಖ್ಯೆ 2291 ನೋಡಿ. ಮಾದಕ ವಸ್ತು ಆರೋಗ್ಯಕ್ಕೂ ಜೀವಕ್ಕೂ ಬಹಳ ದೊಡ್ಡ ಹಾನಿ ಮಾಡುತ್ತದೆ, ಕೇವಲ ಚಿಕಿತ್ಸೆಗಾಗಿ ಬಳಸುವುದನ್ನು ಬಿಟ್ಟರೆ ಅದರ ಬಳಕೆ ಗಂಭೀರ ತಪ್ಪು, ಕದ್ದು ತಯಾರಿಸುವುದು, ಮಾರುವುದು ಇನ್ನೂ ಕೆಟ್ಟದ್ದು ಎಂಬುದು ಅದರ ಸಾರ. ಗಾಂಜಾ ಎಂದು ಹೆಸರು ಹಿಡಿದು ಹೇಳಿಲ್ಲ. ಆದರೆ ಪೋಪ್ ಫ್ರಾನ್ಸಿಸ್ 2014ರ ಜೂನ್ 20ರಂದು ರೋಮಿನಲ್ಲಿ ಮಾದಕ ವಸ್ತು ನಿಯಂತ್ರಣ ಅಧಿಕಾರಿಗಳ ಸಮಾವೇಶದ ಮುಂದೆ ಮಾತಾಡುವಾಗ, ‘ಲಘು’ ಎನಿಸಿಕೊಂಡ ಮಾದಕಗಳನ್ನು ಕಾನೂನುಬದ್ಧ ಮಾಡುವುದಕ್ಕೂ ವಿರೋಧ ಹೇಳಿದ್ದಾರೆ. ಹಾಗಾಗಿ ‘ಗಾಂಜಾದ ಬಗ್ಗೆ ಧರ್ಮಸಭೆ ಸುಮ್ಮನಿದೆ’ ಎನ್ನುವ ವಾದ ನಿಲ್ಲುವುದಿಲ್ಲ.

ಹುಡುಗನ ರೋಸ್ ಪ್ರಶ್ನೆಯನ್ನು ಗದರಿಸಿ ಮುಚ್ಚಬೇಡಿ. 2291ರ ಹಿಂದಿನ ಸಂಖ್ಯೆಯನ್ನೇ ಓದಿಸಿ. 2290 ಊಟ, ಮದ್ಯ, ತಂಬಾಕು, ಔಷಧಿ ಈ ನಾಲ್ಕರಲ್ಲೂ ಅತಿಯಾದದ್ದನ್ನು ಬಿಡಬೇಕು ಎನ್ನುತ್ತದೆ. ಕುಡಿದು ಗಾಡಿ ಓಡಿಸಿ ತನ್ನ ಮತ್ತು ಬೇರೆಯವರ ಜೀವಕ್ಕೆ ಅಪಾಯ ತರುವವನ ತಪ್ಪು ಗಂಭೀರ ಎಂದೂ ಅಲ್ಲಿಯೇ ಇದೆ. ಅಂದರೆ ಮದ್ಯ ಮಿತಿಯಲ್ಲಿದ್ದರೆ ಒಂದು ಲೆಕ್ಕ, ಮಾದಕ ವಸ್ತು ಬೇರೆ ಲೆಕ್ಕ ಎಂಬ ವ್ಯತ್ಯಾಸ ಗ್ರಂಥದಲ್ಲಿ ಇರುವುದು ನಿಜ. ಆದರೆ ರೋಸ್ ಮುಗಿಸಿ ನಾಲ್ಕು ಪೆಗ್ ಹಾಕಿ ಕಾರು ತಿರುಗಿಸಿಕೊಂಡು ಬರುವ ದೊಡ್ಡಪ್ಪನೂ ಅದೇ ಪುಟದಲ್ಲಿ ಸಿಕ್ಕಿಬೀಳುತ್ತಾರೆ. ಇದನ್ನು ಅಪ್ಪ ಮೊದಲೇ ಒಪ್ಪಿಕೊಂಡರೆ ಮಾತು ಮುಂದುವರಿಯುತ್ತದೆ.

ಆದಿಕಾಂಡ 1:29 ಊಟದ ಬಗ್ಗೆ ಇರುವ ವಾಕ್ಯ. ಉಮ್ಮತ್ತಿಯೂ ಬೀಜವಿರುವ ಗಿಡವೇ. ಅದಕ್ಕಿಂತ 1 ಕೊರಿಂಥ 6:12 ಹಿಡಿದು ಮಾತಾಡುವುದು ಒಳ್ಳೆಯದು. ಪೌಲ ಅಲ್ಲಿ ‘ಯಾವುದಕ್ಕೂ ನಾನು ಒಳಗಾಗುವುದಿಲ್ಲ’ ಎನ್ನುವುದನ್ನು ಅಳತೆಯಾಗಿ ಇಡುತ್ತಾನೆ. ‘ಒಂದು ತಿಂಗಳು ಬಿಟ್ಟು ಇರಲು ಆಗುತ್ತದಾ?’ ಎಂಬ ಪ್ರಶ್ನೆ ಅಲ್ಲಿಂದ ತಾನಾಗಿ ಬರುತ್ತದೆ.

ಪರಮಪ್ರಸಾದದ ವಿಷಯ. ಮಾರಕ ಪಾಪ ಆಗಬೇಕಾದರೆ ವಿಷಯ ಗಂಭೀರವಾಗಿರಬೇಕು, ಪೂರ್ಣ ತಿಳಿವಳಿಕೆ ಇರಬೇಕು, ಪೂರ್ಣ ಮನಸ್ಸಿನ ಒಪ್ಪಿಗೆ ಇರಬೇಕು, ಮೂರೂ (ಸಂಖ್ಯೆ 1857). ಚಟ ಬಲವಾಗಿದ್ದರೆ ಮೂರನೆಯದು ಕಡಿಮೆಯಾಗುತ್ತದೆ. ಅಭ್ಯಾಸ, ಭಯ, ಮಾನಸಿಕ ಕಾರಣಗಳು ಹೊಣೆಯನ್ನು ತಗ್ಗಿಸಬಹುದು ಎಂದು 1735 ಹೇಳುತ್ತದೆ. ಇದನ್ನು ತೂಗುವವರು ಅವನು ಮತ್ತು ಪಾಪನಿವೇದನೆ ಕೇಳುವ ಗುರು. ಸಾಲಿನಲ್ಲಿ ನಿಂತ ಮಗನ ಮುಖ ನೋಡಿ ಅಮ್ಮ ತೀರ್ಪು ಕೊಡುವುದಲ್ಲ.

ಒಂದು ಸೂಕ್ಷ್ಮ ಎಲ್ಲ ಗುರಿಕಾರರಿಗೂ ಗೊತ್ತಿರಬೇಕು. ಪಾಪನಿವೇದನೆಯಲ್ಲಿ ಹೇಳಿದ್ದನ್ನು ಗುರುಗಳು ಯಾರಿಗೂ ಹೇಳುವಂತಿಲ್ಲ, ಹೆತ್ತವರಿಗೂ ಪೊಲೀಸರಿಗೂ ಇಲ್ಲ (ಧರ್ಮಸಭೆಯ ಕಾನೂನು, ಅಂದರೆ ಕಾನನ್, 983). ಫಾದರ್ ಕೋಣೆಯಲ್ಲಿ ಕಾಫಿ ಕುಡಿಯುತ್ತಾ ಹೇಳಿದ್ದಕ್ಕೆ ಈ ರಹಸ್ಯದ ಮುದ್ರೆ ಇಲ್ಲ, ಅದು ಗುಟ್ಟಿನ ಮಾತು ಮಾತ್ರ. ಹುಡುಗನಿಗೆ ಈ ವ್ಯತ್ಯಾಸ ಮೊದಲೇ ತಿಳಿಸಿ.

ತಂಗಿಯ ದೃಢೀಕರಣ ಸಂಸ್ಕಾರಕ್ಕೆ ಅವನೇ ಜ್ಞಾನಪಿತ (ಗಾಡ್ ಫಾದರ್) ಎಂದು ಹೆಸರು ಕೊಟ್ಟಿದ್ದರೆ? ಹದಿನಾರು ತುಂಬಿರಬೇಕು, ದೃಢೀಕರಣ ಆಗಿರಬೇಕು, ಆ ಹೊಣೆಗೆ ಒಪ್ಪುವ ವಿಶ್ವಾಸದ ಬಾಳು ಇರಬೇಕು ಎಂದು ಕಾನನ್ 874 ಹೇಳುತ್ತದೆ. ಎಲ್ಲರ ಮುಂದೆ ಹೆಸರು ತೆಗೆಸುವ ಬದಲು ಅವನೇ ಹಿಂದೆ ಸರಿಯಲು ಬಿಡಿ.

ಕೋರ್ಟ್‌ಹಾಲ್:

ಕಾನೂನಿನ ಭಾಗ ಬರೆಯುತ್ತೇನೆ. 1985ರ ಎನ್‌ಡಿಪಿಎಸ್ (ಮಾದಕ ವಸ್ತು ನಿಯಂತ್ರಣ) ಕಾಯ್ದೆಯಲ್ಲಿ ‘ಗಾಂಜಾ’ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ. ಬರೀ ಎಲೆ, ಬರೀ ಬೀಜ ಅದರಲ್ಲಿ ಬರುವುದಿಲ್ಲ, ತುದಿಯ ಜೊತೆ ಸೇರಿದ್ದರೆ ಬರುತ್ತದೆ. ಒಂದು ಕೆಜಿವರೆಗೆ ಸಣ್ಣ ಪ್ರಮಾಣ, 20 ಕೆಜಿ ಮೇಲೆ ವಾಣಿಜ್ಯ ಪ್ರಮಾಣ. ಚರಸ್ (ಅದೇ ಗಿಡದ ಅಂಟು) ಆದರೆ 100 ಗ್ರಾಂ ಮತ್ತು ಒಂದು ಕೆಜಿ. ಸಣ್ಣ ಪ್ರಮಾಣದ ಗಾಂಜಾ ಇಟ್ಟುಕೊಂಡರೆ ಒಂದು ವರ್ಷದವರೆಗೆ ಕಠಿಣ ಸಜೆ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಸೇದಿದ್ದಕ್ಕೆ 27ನೇ ಕಲಮಿನಡಿ ಆರು ತಿಂಗಳವರೆಗೆ ಅಥವಾ ಅಷ್ಟೇ ದಂಡ ಅಥವಾ ಎರಡೂ. ಜಾಮೀನಿಗೆ 37ನೇ ಕಲಮಿನ ಕಠಿಣ ಷರತ್ತು ಈ ಸಣ್ಣ ಪ್ರಮಾಣಕ್ಕೆ ಅನ್ವಯಿಸುವುದಿಲ್ಲ.

ಜನ ತಪ್ಪು ತಿಳಿಯುವುದು ಟೆರೇಸ್ ಕುಂಡದಲ್ಲಿ. ‘ಒಂದೇ ಗಿಡ ತಾನೇ’ ಎನ್ನುತ್ತಾರೆ. ಬೆಳೆಸುವುದಕ್ಕೆ ಸಣ್ಣ ಪ್ರಮಾಣ, ದೊಡ್ಡ ಪ್ರಮಾಣ ಎಂಬ ಮೆಟ್ಟಿಲು ಇಲ್ಲ, ಹತ್ತು ವರ್ಷದವರೆಗೆ ಸಜೆ, ಒಂದು ಲಕ್ಷದವರೆಗೆ ದಂಡ. ಬ್ಯಾಗಿನ ಹತ್ತು ಗ್ರಾಂಗಿಂತ ಕುಂಡದ ಒಂದು ಗಿಡ ದೊಡ್ಡ ಕೇಸು. ಗೆಳೆಯನಿಗೆ ‘ಸ್ವಲ್ಪ ಕೊಟ್ಟೆ’ ಎನ್ನುವುದೂ ಸೇದಿದ ಕೇಸಿನೊಳಗೆ ನಿಲ್ಲುವುದಿಲ್ಲ. ಆ ಗೆಳೆಯ ಹದಿನೆಂಟು ತುಂಬದವನಾದರೆ ಬಾಲನ್ಯಾಯ ಕಾಯ್ದೆಯ 77ನೇ ಕಲಮೂ ಸೇರುತ್ತದೆ, ಅಲ್ಲಿ ಏಳು ವರ್ಷದವರೆಗೆ.

ಹೆತ್ತವರಿಗೆ ಸಂಬಂಧಿಸಿದ್ದು ಎನ್‌ಡಿಪಿಎಸ್ ಕಾಯ್ದೆಯ 25ನೇ ಕಲಮು. ಮನೆಯನ್ನು ಇಂಥ ಅಪರಾಧಕ್ಕೆ ಬಳಸಲು ತಿಳಿದೂ ಬಿಟ್ಟರೆ ಮನೆಯವರಿಗೂ ಅದೇ ಶಿಕ್ಷೆ. ‘ಹೊರಗೆ ಹೋಗಿ ಸಿಕ್ಕಿಬೀಳುವುದಕ್ಕಿಂತ ಕೋಣೆಯಲ್ಲೇ ಸೇದಲಿ’ ಎಂಬ ಸಲಹೆ ಕೊಡುವವರು ಇದನ್ನು ಓದಿರುವುದಿಲ್ಲ.

ಸಿಕ್ಕಿದ್ದನ್ನು ಏನು ಮಾಡುವುದು? ಫೋಟೋ ತೆಗೆದು ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ‘ಡಾಕ್ಟರಿಗೆ ತೋರಿಸಲು’ ಎಂದು ಕಪಾಟಿನಲ್ಲಿ ಇಡಬೇಡಿ, ಯಾವ ಡಾಕ್ಟರಿಗೂ ಅದು ಬೇಡ. ಅಷ್ಟು ದಿನ ಅದು ನಿಮ್ಮ ಸ್ವಾಧೀನದಲ್ಲಿದೆ ಎಂದೇ ಲೆಕ್ಕ. ಪೊಲೀಸರ ಫೋನು, ನೋಟಿಸು ಅಥವಾ ಕೇಸು ಆಗಲೇ ಇದ್ದರೆ ಯಾವುದನ್ನೂ ಮುಟ್ಟದೆ ವಕೀಲರಿಗೆ ಫೋನ್ ಮಾಡಿ, ಸಾಕ್ಷ್ಯ ನಾಶ ಬೇರೆ ಅಪರಾಧ.

ನಿಮ್ಮ ಮುಖ್ಯ ಪ್ರಶ್ನೆಗೆ: ಚಿಕಿತ್ಸೆಗೆ ಹೋದ ಮಾತ್ರಕ್ಕೆ ಕೇಸ್ ಆಗುವುದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಮದ್ಯ ಮತ್ತು ಮಾದಕ ವಸ್ತುವಿನ ದುರ್ಬಳಕೆಗೆ ಸಂಬಂಧಿಸಿದ ತೊಂದರೆಗಳೂ ಸೇರಿವೆ, ರೋಗಿಯ ಮಾಹಿತಿ ಗುಟ್ಟಾಗಿರಬೇಕು. ಕೇಸ್ ಆಗಿಬಿಟ್ಟಿದ್ದರೂ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮು ನೋಡಿ. ಸೇದಿದ ಅಥವಾ ಸಣ್ಣ ಪ್ರಮಾಣದ ಆರೋಪವಿರುವ ವ್ಯಸನಿ ಸರ್ಕಾರದ ಅಥವಾ ಸರ್ಕಾರ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆ ಪಡೆದರೆ ವಿಚಾರಣೆಯಿಂದ ವಿನಾಯಿತಿ ಸಿಗುತ್ತದೆ. ಅರ್ಧಕ್ಕೆ ಬಿಟ್ಟರೆ ಹಿಂದಕ್ಕೆ ತೆಗೆದುಕೊಳ್ಳಬಹುದು. ಆದ್ದರಿಂದ ಒಪಿಡಿ ಚೀಟಿ, ಬಿಲ್ಲು, ಡಿಸ್ಚಾರ್ಜ್ ಸಾರಾಂಶ ಒಂದು ಫೈಲಿನಲ್ಲಿ ಇರಲಿ. ಮಾನ್ಯತೆ ಇಲ್ಲದ ಕೇಂದ್ರದಲ್ಲಿ ಆರು ತಿಂಗಳು ಇದ್ದ ಚೀಟಿ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಒಪಿಡಿ_ಬುಧವಾರ:

ವ್ಯಸನ ಚಿಕಿತ್ಸಾ ವಿಭಾಗದ ಸಮಾಜ ಕಾರ್ಯಕರ್ತೆಯಾಗಿ ಬರೆಯುತ್ತಿದ್ದೇನೆ. ‘ರಿಟ್ರೀಟ್ ಮೊದಲಾ ಡಾಕ್ಟರಾ’ ಎಂಬುದಕ್ಕೆ ಉತ್ತರ ಕ್ಯಾಲೆಂಡರಿನಲ್ಲಿದೆ.

ದಿನಾ ಸೇದುವವನು ನಿಲ್ಲಿಸಿದರೆ ಒಂದರಿಂದ ಮೂರು ದಿನದೊಳಗೆ ಸಿಡುಕು, ಚಡಪಡಿಕೆ, ನಿದ್ದೆ ಬಾರದಿರುವುದು, ಊಟ ಸೇರದಿರುವುದು ಶುರುವಾಗುತ್ತದೆ. ಮೊದಲ ವಾರದಲ್ಲಿ ಇದು ಜೋರು, ಸುಮಾರು ಎರಡು ವಾರಕ್ಕೆ ಇಳಿಯುತ್ತದೆ. ನಿದ್ದೆ ಮತ್ತು ವಿಚಿತ್ರ ಕನಸು ಇನ್ನೂ ಸ್ವಲ್ಪ ಎಳೆಯಬಹುದು. ಈಗ ಭಾನುವಾರದಿಂದ ಶುಕ್ರವಾರದವರೆಗಿನ ರಿಟ್ರೀಟಿಗೆ ಕರೆದುಕೊಂಡು ಹೋಗಿ ನೋಡಿ. ಹೊರಡುವ ದಿನ ನಿಲ್ಲಿಸಿದ್ದಾನೆ, ಮೂರನೇ ದಿನ ಆರಾಧನೆಯ ನಡುವೆ ಎದ್ದು ಹೋಗುತ್ತಾನೆ, ಬೆವರುತ್ತಾನೆ, ರಾತ್ರಿ ಕನಸಿಗೆ ಕಿರುಚುತ್ತಾನೆ. ಪಕ್ಕದವರು ‘ಇವನೊಳಗೆ ಏನೋ ಇದೆ’ ಎನ್ನುತ್ತಾರೆ. ಮೈಯೊಳಗಿನ ಗಾಂಜಾ ಇಳಿಯುತ್ತಿದೆ, ಅಷ್ಟೇ. ನಿಲ್ಲಿಸಿ ಮೂರು ವಾರ ಆದ ಮೇಲೆ ರಿಟ್ರೀಟಿಗೆ ಹೋಗಲಿ, ಆಗ ಕೂತು ಕೇಳುವ ತಾಳ್ಮೆ ಇರುತ್ತದೆ. ಮೊದಲ ಎರಡು ವಾರ ಉಪವಾಸ ಬೇಡ. ಮಾತ್ರೆ ಕೊಟ್ಟಿದ್ದರೆ ಪ್ರಾರ್ಥನೆಯ ಹೆಸರಲ್ಲಿ ನಿಲ್ಲಿಸುವುದಂತೂ ಬೇಡವೇ ಬೇಡ.

ಗಾಂಜಾ ಬಿಡಿಸುವುದಕ್ಕೆಂದೇ ಮಂಜೂರಾದ ಮಾತ್ರೆ ಇಲ್ಲ. ನಿದ್ದೆಗೆ, ಆತಂಕಕ್ಕೆ ಕೆಲವು ದಿನ ಏನಾದರೂ ಕೊಡುತ್ತಾರೆ. ಕೆಲಸ ಮಾಡುವುದು ಕೌನ್ಸೆಲಿಂಗ್. ನಮ್ಮ ಕಡೆ ಜಾಯಿಂಟ್ ಸುತ್ತುವುದು ಹೆಚ್ಚಾಗಿ ಸಿಗರೇಟಿನ ತಂಬಾಕು ಬೆರೆಸಿ. ಗಾಂಜಾ ಬಿಟ್ಟವನು ಸಿಗರೇಟು ಇಮ್ಮಡಿ ಮಾಡುತ್ತಾನೆ, ಅದೇ ಕೈ, ಅದೇ ಮೂಲೆ, ಅದೇ ಗೆಳೆಯರು, ಮತ್ತೆ ಶುರು. ಎರಡನ್ನೂ ಒಟ್ಟಿಗೆ ಡಾಕ್ಟರಿಗೆ ಹೇಳಿ. ನಿಕೋಟಿನ್ ಚೂಯಿಂಗ್ ಗಮ್ ತರಹದ್ದು ಈ ಹಂತದಲ್ಲಿ ನಿಜವಾಗಿಯೂ ಉಪಯೋಗ.

ಮನೆಯಲ್ಲಿ ಮಾತು ಹೇಗೆ? ನಶೆಯಲ್ಲಿರುವಾಗ ಬೇಡ, ಅಜ್ಜಿಯ ಮುಂದೆ ಬೇಡ. ಅಪ್ಪ ಅಥವಾ ಅಮ್ಮ ಒಬ್ಬರೇ, ಹದಿನೈದು ನಿಮಿಷ. ‘ಯಾಕೆ ಮಾಡಿದೆ’ ಎಂದರೆ ಸುಳ್ಳು ಬರುತ್ತದೆ. ವಾರಕ್ಕೆ ಎಷ್ಟು ದಿನ, ಬೆಳಿಗ್ಗೆ ಎದ್ದ ಕೂಡಲೇ ಬೇಕಾ, ಒಬ್ಬನೇ ಸೇದುತ್ತೀಯಾ, ಹಿಂದೆ ಬಿಡಲು ನೋಡಿದಾಗ ಏನಾಯಿತು ಎಂದು ಕೇಳಿ. ‘ಕುಡಿಟ್-ಆರ್’ ಎಂಬ ಎಂಟು ಪ್ರಶ್ನೆಗಳ ಪಟ್ಟಿ ಇದೆ, ಅಂಕ 8 ಅಥವಾ ಹೆಚ್ಚಾದರೆ ಅಪಾಯದ ಬಳಕೆ, 12 ಅಥವಾ ಹೆಚ್ಚಾದರೆ ಚಟವಿರುವ ಸಂಭವ. ತಿಂಗಳಿಗೊಮ್ಮೆ ಸೇದಿದವನನ್ನು ಅಡ್ಮಿಟ್ ಮಾಡಿಸಲು ಓಡಬೇಕಾಗಿಲ್ಲ.

ಮೂತ್ರ ಪರೀಕ್ಷೆಯ ಕಿಟ್ ತಂದು ದಿನಾ ಪರೀಕ್ಷೆ ಮಾಡುವ ತಂದೆಯರಿದ್ದಾರೆ. ಒಮ್ಮೆ ಸೇದಿದರೆ ಸುಮಾರು ಮೂರು ದಿನ, ದಿನಾ ಸೇದುವವನಿಗೆ ಹತ್ತು ಹದಿನೈದು ದಿನ, ವರ್ಷಗಟ್ಟಲೆ ಜೋರಾಗಿ ಸೇದಿದವನಿಗೆ ಒಂದು ತಿಂಗಳ ಮೇಲೂ ಕಾಣಿಸಬಹುದು. ಅಂದರೆ ನಿಜವಾಗಿ ಬಿಟ್ಟವನನ್ನು ಇಪ್ಪತ್ತನೇ ದಿನ ಸುಳ್ಳುಗಾರ ಎನ್ನುವ ಸಾಧ್ಯತೆ ಇದೆ. ಪರೀಕ್ಷೆ ಡಾಕ್ಟರ್ ಹೇಳಿದಾಗ ಮಾತ್ರ.

ಕಾಯಬಾರದ ಲಕ್ಷಣಗಳು ಕ್ರೈಸ್ತ ಮನೆಗಳಲ್ಲಿ ಬೇರೆ ವೇಷದಲ್ಲಿ ಬರುತ್ತವೆ. ಎರಡು ಮೂರು ರಾತ್ರಿ ನಿದ್ದೆಯಿಲ್ಲದೆ ದಣಿವೂ ಇಲ್ಲದೆ ಬೈಬಲ್ ಗೀಚುತ್ತಾ ಕೂರುವುದು, ದೇವರು ತನಗೊಬ್ಬನಿಗೇ ಧ್ವನಿಯಲ್ಲಿ ಆಜ್ಞೆ ಕೊಡುತ್ತಿದ್ದಾನೆ ಎನ್ನುವುದು, ಪಕ್ಕದ ಮನೆಯವರು ತನ್ನನ್ನೇ ಗಮನಿಸುತ್ತಿದ್ದಾರೆ ಎಂದು ಕಿಟಕಿ ಮುಚ್ಚುವುದು. ‘ಪವಿತ್ರಾತ್ಮರ ವರ ಸಿಕ್ಕಿದೆ’ ಎಂದು ಸಂತೋಷಪಟ್ಟು ಹದಿನೈದು ದಿನ ಕಳೆದು ಬರುವ ಮನೆಗಳಿವೆ. ಅದೇ ದಿನ ಮನೋವೈದ್ಯರ ಹತ್ತಿರ ಕರೆತನ್ನಿ.

ಎಲ್ಲಿಗೆ? ಮಂಗಳೂರಿನಲ್ಲಿ ಫಾದರ್ ಮುಲ್ಲರ್, ಬೆಂಗಳೂರಿನಲ್ಲಿ ಸೇಂಟ್ ಜಾನ್ಸ್, ನಿಮ್ಹಾನ್ಸಿನ ವ್ಯಸನ ಚಿಕಿತ್ಸಾ ಕೇಂದ್ರ. ಫೋನಿನಲ್ಲಿ ಮಾತಾಡಿ ನೋಡಬೇಕೆಂದರೆ ವ್ಯಸನಮುಕ್ತಿ ಸಹಾಯವಾಣಿ 14446, ಟೆಲಿ ಮಾನಸ್ 14416, ಎರಡೂ ಉಚಿತ. ಖಾಸಗಿ ಕೇಂದ್ರವಾದರೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಸಂಖ್ಯೆ ಕೇಳಿ, ಮನೋವೈದ್ಯರು ವಾರಕ್ಕೆ ಎಷ್ಟು ಸಲ ಬರುತ್ತಾರೆ, ಮಗ ಫೋನ್ ಮಾಡಬಹುದಾ ಎಂದೂ ಕೇಳಿ. ‘ಮೂರು ತಿಂಗಳು ಭೇಟಿ ಇಲ್ಲ’ ಎಂದರೆ ವಾಪಸ್ ಬನ್ನಿ. ಹತ್ತೊಂಬತ್ತರವನನ್ನು ಎತ್ತಿಕೊಂಡು ಹೋಗಿ ಕೂಡಿಹಾಕುವಂತಿಲ್ಲ. ಅವನ ಒಪ್ಪಿಗೆ ಇಲ್ಲದ ದಾಖಲಾತಿಗೆ ಇಬ್ಬರು ತಜ್ಞರ ಪ್ರತ್ಯೇಕ ಪರೀಕ್ಷೆ ಬೇಕು, ಅದೂ ತನಗೋ ಬೇರೆಯವರಿಗೋ ಅಪಾಯ ಇರುವಂಥ ಸ್ಥಿತಿಯಲ್ಲಿ. ಸರಪಳಿ ಹಾಕುವುದು ಕಾನೂನಿನಲ್ಲಿ ಪೂರ್ತಿ ನಿಷೇಧ.

ಸಭಾಹಿರಿಯ_ಸಿಎಸ್‌ಐ:

ನಮ್ಮ ಪ್ರೊಟೆಸ್ಟಂಟರ ಕಡೆ ಧರ್ಮೋಪದೇಶದ ಸಂಖ್ಯೆಗಳಿಲ್ಲ, ವಾಕ್ಯವೇ ಆಧಾರ. ಎಫೆಸ 5:18ರಲ್ಲಿ ಮತ್ತರಾಗಬೇಡಿ ಎಂದಿರುವುದನ್ನು ಎಲ್ಲ ನಶೆಗೂ ಹೇಳುತ್ತೇವೆ. ಮೆಥಡಿಸ್ಟರಲ್ಲಿ ಮದ್ಯವನ್ನೇ ಮುಟ್ಟಬಾರದೆಂಬ ಹಳೆಯ ಪರಂಪರೆ ಇದೆ, ಹಾಗಾಗಿ ರೋಸ್ ಪ್ರಶ್ನೆ ಅಲ್ಲಿ ಏಳುವುದು ಕಡಿಮೆ.

ನಾನು ಬರೆಯಬೇಕೆಂದದ್ದು ಬೇರೆ. ಹೆಚ್ಚಿನ ಮನೆ ಕೆಡುವುದು ಪ್ರಾರ್ಥನಾ ವಿನಂತಿಯಲ್ಲಿ. ‘ನಮ್ಮ ಸಭೆಯ ಒಂದು ಕುಟುಂಬ, ಹಿರಿಯ ಮಗ, ಕಾಲೇಜು, ಕೆಟ್ಟ ಸಹವಾಸ, ಪ್ರಾರ್ಥಿಸಿರಿ’ ಎಂದು ಗುಂಪಿನಲ್ಲಿ ಬಂದರೆ ಯಾರು ಎಂದು ತಿಳಿಯಲು ಐದು ನಿಮಿಷ ಬೇಡ. ಮತ್ತಾಯ 18:15 ಮೊದಲು ನೀನೂ ಅವನೂ ಇಬ್ಬರೇ ಇರುವಾಗ ಮಾತಾಡು ಎನ್ನುತ್ತದೆ, ಆಮೇಲೆ ಒಬ್ಬಿಬ್ಬರು, ಕೊನೆಗೆ ಸಭೆ. ನಾವು ತಲೆಕೆಳಗು ಮಾಡಿ ಸಭೆಯಿಂದ ಶುರು ಮಾಡುತ್ತೇವೆ. ಕಾಯಿರ್‌ನಿಂದ ಕೂಡಲೇ ತೆಗೆಯುವುದೂ ಹಾಗೆಯೇ. ಶನಿವಾರ ಸಂಜೆಯ ಅಭ್ಯಾಸ ಹೋದರೆ ಆ ಎರಡು ಗಂಟೆ ಅವನು ಎಲ್ಲಿ ಕಳೆಯುತ್ತಾನೆ? ನಶೆಯಲ್ಲಿ ಬಂದರೆ ಆ ದಿನ ಮನೆಗೆ ಕಳಿಸಿ, ಹೆಸರು ತೆಗೆಯಬೇಡಿ.

ಮೇಲೆ ಬರೆದ ಸಮಾಜ ಕಾರ್ಯಕರ್ತೆಯ ಒಂದು ಮಾತಿಗೆ ನನ್ನ ಒಪ್ಪಿಗೆ ಅರ್ಧ. ಮೂರು ವಾರದವರೆಗೆ ಪ್ರಾರ್ಥನೆಯನ್ನೇ ದೂರ ಇಟ್ಟಂತೆ ಓದಿಸಿಕೊಂಡಿತು.

ಒಪಿಡಿ_ಬುಧವಾರ:

ಹಾಗಲ್ಲ. ಮನೆಯ ಜಪ, ಬಲಿಪೂಜೆ, ಆರಾಧನೆ ಎಲ್ಲ ಎಂದಿನಂತೆ ಇರಲಿ. ಮನೆ ಬಿಟ್ಟು ಹೋಗಿ ದಿನವಿಡೀ ಕೂರಬೇಕಾದ ಕಾರ್ಯಕ್ರಮ ಮಾತ್ರ ಆಗ ಬೇಡ ಎಂದೆ. ಹಾಗೆಯೇ ರಾತ್ರಿಯ ಜಪದಲ್ಲಿ ‘ಇವನಿಗೆ ಬುದ್ಧಿ ಕೊಡಪ್ಪಾ’ ಎಂದು ಅವನ ಎದುರೇ ಗಟ್ಟಿಯಾಗಿ ಹೇಳುವುದು ಪ್ರಾರ್ಥನೆ ಅಲ್ಲ, ಬೈಗುಳ.

ಮಿಸಿಸಾಗ_ಮಂಗ್ಳೂರಿ:

ಕೆನಡಾದಲ್ಲಿ ಮಕ್ಕಳಿರುವ ಮನೆಗಳಿಗೂ ಒಂದು ಪ್ಯಾರಾ ಸೇರಿಸಿ. ಇಲ್ಲಿ 2018ರ ಅಕ್ಟೋಬರ್ 17ರಿಂದ ಗಾಂಜಾ ಕಾನೂನುಬದ್ಧ. ಒಂಟಾರಿಯೊದಲ್ಲಿ 19 ತುಂಬಿದವರು ಕೊಳ್ಳಬಹುದು, ಹೊರಗೆ 30 ಗ್ರಾಂ ಒಣಗಿದ್ದು ಇಟ್ಟುಕೊಳ್ಳಬಹುದು, ಮನೆಗೆ ನಾಲ್ಕು ಗಿಡ. ಹಾಗಾಗಿ ಇಲ್ಲಿ ‘ಕಾನೂನು ತಪ್ಪು’ ಎಂಬ ಹೆತ್ತವರ ಮೊದಲ ವಾದವೇ ಬಿದ್ದುಹೋಗುತ್ತದೆ, ಉಳಿಯುವುದು ಆರೋಗ್ಯ ಮತ್ತು ವಿಶ್ವಾಸ. 2291ಕ್ಕೆ ದೇಶದ ಗಡಿ ಇಲ್ಲ.

ಇಲ್ಲಿನ ಅಪಾಯ ಗಾಂಜಾ ಬೆರೆಸಿದ ಗಮ್ಮಿ (ಜೆಲ್ಲಿ ಮಿಠಾಯಿ), ಚಾಕೊಲೇಟು. ತಿಂದ ಮೇಲೆ ಏರುವುದಕ್ಕೆ ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. ‘ಏನೂ ಆಗಲಿಲ್ಲ’ ಎಂದು ಇನ್ನೊಂದು ತಿನ್ನುತ್ತಾರೆ, ಆಮೇಲೆ ಎರಡೂ ಒಟ್ಟಿಗೆ ಏರುತ್ತದೆ. ಅಂಗಡಿಯ ಒಂದು ಪೊಟ್ಟಣದಲ್ಲಿ ಒಟ್ಟು 10 ಮಿಲಿಗ್ರಾಂ ಟಿಎಚ್‌ಸಿ (ನಶೆ ಏರಿಸುವ ಅಂಶ) ಮೀರುವಂತಿಲ್ಲ, ಅದಕ್ಕಿಂತ ಜಾಸ್ತಿ ಬರೆದಿದ್ದರೆ ಅದು ಕಳ್ಳಮಾಲು. ಫ್ರಿಜ್ಜಿನಲ್ಲಿ ಬಿದ್ದಿದ್ದನ್ನು ಊರಿಂದ ಬಂದ ಅಜ್ಜಿಯೋ ಚಿಕ್ಕ ಮಗುವೋ ತಿಂದರೆ ತೂಕಡಿಕೆ, ತಡವರಿಕೆ ಕಾಣಿಸುತ್ತದೆ. ಮಗುವಾದರೆ ಕಾಯದೆ ತುರ್ತು ಚಿಕಿತ್ಸೆಗೆ ಹೋಗಿ, ಪೊಟ್ಟಣ ಜೊತೆಗಿರಲಿ. ಬೀಗ ಹಾಕುವ ಡಬ್ಬ ಬೇಕೇ ಬೇಕು.

ರಜೆಗೆ ಊರಿಗೆ ಬರುವಾಗ ಸೂಟ್‌ಕೇಸಿನಲ್ಲಿ ಒಂದು ಪೊಟ್ಟಣವೂ ಬೇಡ. ಕೆನಡಾದ ಗಡಿ ದಾಟಿಸುವುದೂ ಅಪರಾಧ, ಭಾರತಕ್ಕೆ ತರುವುದೂ ಅಪರಾಧ. ಗಲ್ಫ್ ಮಾರ್ಗವಾಗಿ ಬರುವವರಿಗೆ ನಡುವೆ ಇನ್ನೊಂದು ದೇಶದ ಕಾನೂನು.

ವಾಡೆ_ಗುರಿಕಾರ:

ಎಲ್ಲರಿಗೂ ಉಪಕಾರ. ಸಂಬಂಧದ ಪ್ರಶ್ನೆ ಒಂದು ಉಳಿಯಿತು. ‘ಮದುವೆ ಮಾಡಿಸಿದರೆ ಸರಿಹೋಗುತ್ತಾನೆ’ ಎನ್ನುವವರು ವಾಡೆಗೆ ಹತ್ತು ಜನ.

ಕೋರ್ಟ್‌ಹಾಲ್:

ಹತ್ತು ಜನರಿಗೂ ಕಾನನ್ 1098 ಓದಿಸಿ. ದಾಂಪತ್ಯವನ್ನೇ ತೀವ್ರವಾಗಿ ಕೆಡಿಸಬಲ್ಲ ಗುಣವೊಂದನ್ನು, ಒಪ್ಪಿಗೆ ಪಡೆಯಲೆಂದೇ ಮೋಸದಿಂದ ಮುಚ್ಚಿಟ್ಟು ಮಾಡಿದ ಮದುವೆ ಅಸಿಂಧು. ಕಾಲೇಜಿನಲ್ಲಿ ನಾಲ್ಕು ಸಲ ಸೇದಿ ಬಿಟ್ಟದ್ದು ಈ ಮಟ್ಟಕ್ಕೆ ಬರುವುದಿಲ್ಲ. ಈಗಲೂ ದಿನಾ ಬೇಕಾಗಿರುವುದನ್ನು ಮುಚ್ಚಿಟ್ಟರೆ ಧರ್ಮಪ್ರಾಂತ್ಯದ ನ್ಯಾಯಪೀಠದ ಮುಂದೆ ಅದೇ ಮುಖ್ಯ ಪ್ರಶ್ನೆಯಾಗಬಹುದು. ಆ ಪೀಠ ಮದುವೆ ಅಸಿಂಧು ಎಂದರೂ ಸಾಲದು, ಅದಕ್ಕೆ ಸಿವಿಲ್ ಮಾನ್ಯತೆ ಕೊಡಬೇಕೆಂಬ ಅರ್ಜಿಯನ್ನು ಸುಪ್ರೀಂ ಕೋರ್ಟ್ 2017ರಲ್ಲಿ ವಜಾ ಮಾಡಿದೆ. 1869ರ ವಿಚ್ಛೇದನ ಕಾಯ್ದೆಯಡಿ ಕೋರ್ಟಿನ ಡಿಕ್ರಿ ಬೇರೆಯೇ ಬೇಕು. ಎರಡು ಕಡೆ ಓಡಾಟ, ಹುಡುಗಿಯ ಕೆಲವು ವರ್ಷ ಅದರಲ್ಲೇ ಹೋಗುತ್ತದೆ.

ಹೇಳುವುದು ನಿಶ್ಚಿತಾರ್ಥಕ್ಕೆ ಮೊದಲು. ಹೇಳಬೇಕಾದವನು ಹುಡುಗ, ಹೇಳಬೇಕಾದದ್ದು ಹುಡುಗಿಗೆ. ಗುರಿಕಾರರೋ ದಲ್ಲಾಳಿಯೋ ನಡುವೆ ಬರುವುದು ಬೇಡ. ಚಿಕಿತ್ಸೆ ಆಗಿದ್ದರೆ ಆ ಫೈಲನ್ನೂ ಅವನೇ ತೋರಿಸಲಿ.